ಮನೆಯಲ್ಲೇ ಲೈಂಗಿಕ ಸೋಂಕಿನ ಪರೀಕ್ಷೆ: ಕಿಟ್ ತರಿಸುವ ಮೊದಲು ದಿನ ಎಣಿಸಿ

ಹೋದ ವರ್ಷದ ಮಳೆಗಾಲ. ಮೂಡಿಗೆರೆ ಕಡೆಯ ಹುಡುಗನೊಬ್ಬ ಫೋನ್ ಮಾಡಿದ. "ಅಣ್ಣ, ಮನೆ ಹತ್ರ ಬರೋದು ಬೇಡ. ಹ್ಯಾಂಡ್‌ಪೋಸ್ಟ್‌ನಲ್ಲಿ ನಿಂತಿರ್ತೀನಿ." ನಾನು ಚಿಕ್ಕಮಗಳೂರಿನಲ್ಲಿ ಲ್ಯಾಬ್ ಕೆಲಸ ಮಾಡುವವನು. ಮನೆಗಳಿಗೆ ಹೋಗಿ ರಕ್ತ ತೆಗೆದು ತರುವುದೂ ನನ್ನ ಕೆಲಸವೇ. ಹಾಗಾಗಿ ಇಂಥ ಕರೆ ಹೊಸದಲ್ಲ. ಹೋದೆ. ಜರ್ಕಿನ್ ಒಳಗಿಂದ ಮೊಬೈಲ್ ತೆಗೆದು ಒಂದು ಫೋಟೋ ತೋರಿಸಿದ. ಎಚ್‌ಐವಿ ಕಿಟ್‌ನದ್ದು. ಒಂದೇ ಗೆರೆ. "ಇದು ನೆಗೆಟಿವ್ ಅಲ್ವಾ ಅಣ್ಣ?"

ಅವನು ಪರೀಕ್ಷೆ ಮಾಡಿದ ರೀತಿಯಲ್ಲಿ ತಪ್ಪಿರಲಿಲ್ಲ. ಸಂಪರ್ಕ ಆಗಿ ಎಷ್ಟು ದಿನ ಆಯ್ತು ಎಂದು ಕೇಳಿದೆ. ಐದು ದಿನ. ಮಾರನೇ ದಿನವೇ ಆನ್‌ಲೈನ್‌ನಲ್ಲಿ ಕಿಟ್ ಆರ್ಡರ್ ಮಾಡಿದ್ದಾನೆ, ಅದು ಬಂದು ಸೇರುವಷ್ಟರಲ್ಲಿ ಇಷ್ಟು ದಿನ ಹಿಡಿದಿದೆ. ಐದನೇ ದಿನ ಮಾಡಿದ ಪರೀಕ್ಷೆ ಹಳೆಯ ಸೋಂಕೇನಾದರೂ ಇದ್ದರೆ ತೋರಿಸುತ್ತದೆ. ಐದು ದಿನದ ಹಿಂದಿನ ಆ ಸಂಪರ್ಕದ ಬಗ್ಗೆ ಏನೂ ಹೇಳುವುದಿಲ್ಲ. ನನಗೆ ನೋವಾದದ್ದು ಇನ್ನೊಂದು ವಿಷಯಕ್ಕೆ. ಎಚ್‌ಐವಿ ತಗುಲದಂತೆ ತಡೆಯುವ ಮಾತ್ರೆ ಇದೆ, 72 ಗಂಟೆಯೊಳಗೆ ಶುರು ಮಾಡಬೇಕು. ಆ 72 ಗಂಟೆ ಕೊರಿಯರ್ ಕಾಯುವುದರಲ್ಲೇ ಕಳೆದುಹೋಗಿತ್ತು.

ಮನೆಯಲ್ಲೇ ಪರೀಕ್ಷೆ ಮಾಡಿಕೊಳ್ಳುವುದು ಒಳ್ಳೆಯದು. ನಮ್ಮಂಥ ಊರುಗಳಲ್ಲಿ ಲ್ಯಾಬ್ ಬಾಗಿಲಲ್ಲಿ ನಿಂತರೆ ಸಂಜೆಯೊಳಗೆ ಚಿಕ್ಕಪ್ಪನಿಗೆ ಸುದ್ದಿ ಮುಟ್ಟಿರುತ್ತದೆ. ಆ ಭಯಕ್ಕೇ ವರ್ಷಗಟ್ಟಲೆ ಸುಮ್ಮನಿದ್ದವರನ್ನು ನೋಡಿದ್ದೇನೆ. ಅಂಥವರಿಗೆ ಇದು ದಾರಿ. ಆದರೆ ಕಿಟ್‌ಗಿಂತ ಮೊದಲು ದಿನ ಎಣಿಸಬೇಕು.

ಮೂರು ದಿನ ಆಗಿಲ್ಲವೇ? ಕಿಟ್ ಬಿಡಿ, ಆಸ್ಪತ್ರೆಗೆ ಹೋಗಿ

ಕಾಂಡೋಮ್ ಇಲ್ಲದೆ ಸಂಪರ್ಕ ಆಗಿದೆ, ಅಥವಾ ಹರಿದಿದೆ, ಎದುರಿನವರ ಬಗ್ಗೆ ಗೊತ್ತಿಲ್ಲ. ಹೀಗಿದ್ದು 72 ಗಂಟೆ ದಾಟಿಲ್ಲವಾದರೆ ಅವತ್ತೇ ಜಿಲ್ಲಾ ಆಸ್ಪತ್ರೆಗೆ ಹೋಗಿ. ಹಾಸನದಲ್ಲಿ ಹಿಮ್ಸ್, ಚಿಕ್ಕಮಗಳೂರಿನಲ್ಲಿ ಮಲ್ಲೇಗೌಡ ಆಸ್ಪತ್ರೆ. ರಾತ್ರಿಯಾದರೆ ಕ್ಯಾಶುಯಲ್ಟಿಗೆ. "ಪಿಇಪಿ ಬೇಕಿತ್ತು, ಎಚ್‌ಐವಿ ತಡೆಯೋ ಮಾತ್ರೆ" ಎಂದು ಡಾಕ್ಟರ್ ಹತ್ತಿರ ನೇರವಾಗಿ ಹೇಳಿ. ಕೊಡುವುದೋ ಬೇಡವೋ ಎಂದು ಅವರು ವಿಚಾರಿಸಿ ತೀರ್ಮಾನಿಸುತ್ತಾರೆ. ಕೊಟ್ಟರೆ 28 ದಿನ ತಪ್ಪದೆ ನುಂಗಬೇಕು. ಬೇಗ ಶುರುವಾದಷ್ಟೂ ಒಳ್ಳೆಯದು, 71ನೇ ಗಂಟೆವರೆಗೆ ಕಾಯಬೇಡಿ. ಸಕಲೇಶಪುರ, ಅರಸೀಕೆರೆ, ಕೊಪ್ಪದಂಥ ಕಡೆ ಇದ್ದು ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ 1097ಕ್ಕೆ ಫೋನ್ ಮಾಡಿ. ಅದು ನ್ಯಾಕೋದ, ಅಂದರೆ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಸಹಾಯವಾಣಿ, ಕರೆಗೆ ದುಡ್ಡಿಲ್ಲ.

ಬಲವಂತ ನಡೆದಿದ್ದರೆ ಮನೆ ಪರೀಕ್ಷೆಯ ಮಾತೇ ಬೇಡ. ಸರ್ಕಾರಿಯೋ ಖಾಸಗಿಯೋ, ಅಂಥವರಿಗೆ ಉಚಿತ ಚಿಕಿತ್ಸೆ ಕೊಡುವುದಿಲ್ಲ ಎಂದು ಯಾವ ಆಸ್ಪತ್ರೆಯೂ ಹೇಳುವಂತಿಲ್ಲ, ಅದು ಕಾನೂನು.

ಇನ್ನೂ ಕೆಲವರು ಕಿಟ್ ಕಾಯದೆ ಡಾಕ್ಟರ್ ಹತ್ತಿರ ಹೋಗಬೇಕು. ಗರ್ಭಿಣಿಯರು. ಜ್ವರದ ಜೊತೆ ಕಿಬ್ಬೊಟ್ಟೆ ನೋವಿರುವ ಹೆಂಗಸರು. ವೃಷಣ ಊದಿ ನೋಯುತ್ತಿರುವ ಗಂಡಸರು. ಗುಪ್ತಾಂಗದಲ್ಲಿ ಹುಣ್ಣು ಕಾಣಿಸಿದವರು, ಕೀವು ಬರುತ್ತಿರುವವರು. ಕಣ್ಣಿಗೆ ಕಾಣುವ ಕಾಯಿಲೆಗೆ ಡಾಕ್ಟರ್ ಅವತ್ತೇ ಔಷಧಿ ಶುರು ಮಾಡಬಹುದು. ಅದಕ್ಕೆ ಪಾರ್ಸೆಲ್ ಕಾಯುವುದು ಸರಿಯಲ್ಲ.

ಯಾವ ಸೋಂಕು ಯಾವಾಗ ಕಾಣಿಸುತ್ತದೆ

ಸೋಂಕು ಮೈಗೆ ಸೇರಿದ ದಿನಕ್ಕೂ ಪರೀಕ್ಷೆಯಲ್ಲಿ ಸಿಗುವ ದಿನಕ್ಕೂ ನಡುವೆ ಒಂದು ಅಂತರ ಇರುತ್ತದೆ. ಲ್ಯಾಬ್‌ನಲ್ಲಿ ನಾವು ವಿಂಡೋ ಪೀರಿಯಡ್ ಅಂತೀವಿ. ಇದೊಂದನ್ನು ಸರಿಯಾಗಿ ತಿಳಿದುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಎಚ್‌ಐವಿಗೆ ಬೆರಳು ಚುಚ್ಚಿ ಮಾಡುವ ಕಿಟ್ ಆಗಲಿ, ಬಾಯಿ ದ್ರವದ ಕಿಟ್ ಆಗಲಿ, ಸಾಮಾನ್ಯವಾಗಿ ಹುಡುಕುವುದು ಸೋಂಕಿನ ವಿರುದ್ಧ ನಮ್ಮ ಮೈ ತಯಾರಿಸಿದ ಪ್ರತಿಕಾಯವನ್ನು. ಅದು ತಯಾರಾಗಲು ಸಮಯ ಬೇಕು. 23 ದಿನದಿಂದ 90 ದಿನದವರೆಗೆ ಯಾವಾಗ ಬೇಕಾದರೂ ಕಾಣಿಸಬಹುದು. ತೋಳಿನಿಂದ ರಕ್ತ ತೆಗೆದು ಲ್ಯಾಬ್‌ನಲ್ಲಿ ಮಾಡುವ ನಾಲ್ಕನೇ ತಲೆಮಾರಿನ ಪರೀಕ್ಷೆ ವೈರಸ್ಸಿನ ಒಂದು ಭಾಗವನ್ನೂ ಹುಡುಕುತ್ತದೆ. ಅದಕ್ಕೇ ಅದರ ಅವಧಿ ಕಡಿಮೆ, 18ರಿಂದ 45 ದಿನ. ಮನೆ ಕಿಟ್‌ನಲ್ಲಿ ಆರನೇ ವಾರ ಒಮ್ಮೆ ನೋಡಿಕೊಳ್ಳಿ. 90 ದಿನ ಕಳೆದ ಮೇಲೆ ಇನ್ನೊಮ್ಮೆ ಮಾಡದೆ "ನನಗೇನೂ ಇಲ್ಲ" ಎನ್ನಬೇಡಿ.

ಸಿಫಿಲಿಸ್ ಹುಣ್ಣು 10ರಿಂದ 90 ದಿನದೊಳಗೆ ಏಳುತ್ತದೆ, ಹೆಚ್ಚಿನವರಿಗೆ ಮೂರು ವಾರದ ಆಸುಪಾಸು. ಹಿಂದಿನವರು ಪರಂಗಿ ಹುಣ್ಣು ಅಂತಿದ್ದದ್ದು ಇದನ್ನೇ. ಸಾಮಾನ್ಯವಾಗಿ ಇದು ನೋಯುವುದಿಲ್ಲ, ತಾನಾಗೇ ಒಣಗುತ್ತದೆ. ಒಣಗಿತು, ವಾಸಿಯಾಯಿತು ಎಂದುಕೊಳ್ಳುವುದೇ ದೊಡ್ಡ ತಪ್ಪು. ಕಾಯಿಲೆ ಒಳಗೇ ಇರುತ್ತದೆ. ಇದಕ್ಕೂ ಆರನೇ ವಾರ ಒಮ್ಮೆ, ಮೂರು ತಿಂಗಳು ಕಳೆದ ಮೇಲೆ ಇನ್ನೊಮ್ಮೆ ರಕ್ತ ಪರೀಕ್ಷೆ ಇಟ್ಟುಕೊಳ್ಳಿ.

ಕ್ಲಮೈಡಿಯಾ, ಗೊನೊರಿಯಾ ಬೇಗ ಸಿಗುತ್ತವೆ. ಎರಡು ವಾರ ಕಳೆದಿದ್ದರೆ ಸಾಕು. ಹೆಪಟೈಟಿಸ್ ಬಿ ಸಾಮಾನ್ಯವಾಗಿ ನಾಲ್ಕು ವಾರಕ್ಕೆ ಕಾಣಿಸುತ್ತದೆ, ಕೆಲವರಲ್ಲಿ ಒಂಬತ್ತು ವಾರದವರೆಗೂ ಹೋಗುತ್ತದೆ.

ಹರ್ಪಿಸ್ ಬಗ್ಗೆ ಬಹಳ ಜನ ಕೇಳುತ್ತಾರೆ. ಲಕ್ಷಣ ಇಲ್ಲದವರಿಗೆ ಅದರ ರಕ್ತ ಪರೀಕ್ಷೆ ಬೇಡ. ಅದರಿಂದ ಗೊಂದಲವೇ ಜಾಸ್ತಿ. ಗುಳ್ಳೆ ಎದ್ದಾಗ ಡಾಕ್ಟರಿಗೆ ತೋರಿಸಿ.

ಆ ಹುಡುಗನ ಕಥೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. 90 ದಿನ ಕಳೆದ ಮೇಲೆ ಎಚ್‌ಐವಿ ಇಲ್ಲ ಎಂದು ಖಚಿತವಾಯಿತು. ಆದರೆ ಮೂರನೇ ವಾರ ಮೂತ್ರ ಕೊಡಿ ಎಂದು ನಾನು ಒತ್ತಾಯ ಮಾಡಿದ್ದೆ. ಅದರಲ್ಲಿ ಕ್ಲಮೈಡಿಯಾ ಸಿಕ್ಕಿತು. ಉರಿ ಇರಲಿಲ್ಲ, ಕೀವಿರಲಿಲ್ಲ, ಏನೂ ಇರಲಿಲ್ಲ. ಎಲ್ಲರ ಭಯವೂ ಎಚ್‌ಐವಿ ಮೇಲೆ. ಸದ್ದಿಲ್ಲದೆ ಇರುವುದು ಇದು. ಹೆಂಗಸರಲ್ಲಂತೂ ಹೆಚ್ಚಿನವರಿಗೆ ಲಕ್ಷಣವೇ ಇರುವುದಿಲ್ಲ. ಹಾಗೇ ಬಿಟ್ಟರೆ ಗರ್ಭನಾಳಕ್ಕೆ ಪೆಟ್ಟಾಗಿ ಮುಂದೆ ಮಕ್ಕಳಾಗುವುದು ಕಷ್ಟವಾಗಬಹುದು.

ಮನೆ ಪರೀಕ್ಷೆ ಅಂದರೆ ಒಂದೇ ಬಗೆಯಲ್ಲ

ಒಂದು, ಪೂರ್ತಿ ನಿಮ್ಮ ಕೈಯಲ್ಲೇ ಮುಗಿಯುವ ಕಿಟ್. ಎಚ್‌ಐವಿ ಮತ್ತು ಸಿಫಿಲಿಸ್‌ಗೆ ಹೀಗೆ ನೋಡಬಹುದು. ಇನ್ನೊಂದು, ಲ್ಯಾಬ್‌ನವರು ಮನೆಗೆ ಬಂದು ರಕ್ತ ತೆಗೆಯುವುದು, ಇಲ್ಲವೇ ನೀವೇ ಮೂತ್ರ ಹಿಡಿದು ಅಥವಾ ಸ್ವಾಬ್ ತೆಗೆದು ಕಳಿಸುವುದು. ಕ್ಲಮೈಡಿಯಾ, ಗೊನೊರಿಯಾಗೆ ಈ ಎರಡನೇ ದಾರಿಯೇ ನಂಬಿಕೆಗೆ ಅರ್ಹ. ಅದು ಯಂತ್ರದಲ್ಲಿ ರೋಗಾಣುವಿನ ವಂಶವಾಹಿಯನ್ನು ಹುಡುಕುವ ಪರೀಕ್ಷೆ.

ನನ್ನನ್ನು ಕೇಳಿದರೆ, ಹಾಸನ ಅಥವಾ ಚಿಕ್ಕಮಗಳೂರು ಪಟ್ಟಣದಲ್ಲಿ ಇರುವವರು ಮನೆಗೆ ಕರೆಸಿ ತೋಳಿನ ರಕ್ತವನ್ನೇ ಕೊಡಿ. ಒಂದೇ ಸಲಕ್ಕೆ ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿ ಮತ್ತು ಸಿ ಮುಗಿಯುತ್ತದೆ. ತೋಟದ ಒಳಗೆ, ಲೈನ್ ಮನೆಗಳ ಕಡೆ ಇದ್ದರೆ ಮೊದಲು ಪಿನ್‌ಕೋಡ್ ಹಾಕಿ ಬರುತ್ತಾರಾ ನೋಡಿ. ದುಡ್ಡು ಕಟ್ಟಿಸಿಕೊಂಡು ಆಮೇಲೆ "ಆ ಕಡೆ ಬರಲ್ಲ" ಅನ್ನುವುದು ನಡೆಯುತ್ತಿರುತ್ತದೆ.

ಕಿಟ್ ಕೊಳ್ಳುವಾಗ ಡಬ್ಬಿ ಮೇಲಿನ ಅಕ್ಷರ ಓದಿ. ಸ್ವಂತ ಪರೀಕ್ಷೆಗೆ ಎಂದು ಬರೆದಿರಬೇಕು. ವೃತ್ತಿಪರರ ಬಳಕೆಗೆ ಮಾತ್ರ ಎಂದಿದ್ದರೆ ಅದು ನಮ್ಮಂಥವರಿಗೆ ಮಾಡಿದ್ದು. ಅದರಲ್ಲಿ ಸೂಜಿಯಾಗಲಿ, ಅರ್ಥವಾಗುವ ಸೂಚನೆಯಾಗಲಿ ಇಲ್ಲದಿರಬಹುದು. ಎಕ್ಸ್‌ಪೈರಿ ದಿನಾಂಕ ನೋಡಿ. ನಮ್ಮ ಮಲೆನಾಡಿನ ಮಳೆಗಾಲದ ತೇವದಲ್ಲಿ ಕಿಟ್ ಹಾಳಾಗುತ್ತದೆ, ಹಾಗಾಗಿ ಒಳಗಿನ ಪ್ಯಾಕೆಟ್ಟನ್ನು ಪರೀಕ್ಷೆ ಮಾಡುವ ಕ್ಷಣದವರೆಗೂ ಒಡೆಯಬೇಡಿ.

ಪಾರ್ಸೆಲ್ ಮನೆಗೆ ಬರುವುದು ಬೇಡ ಎಂದರೆ ಕೊರಿಯರ್ ಆಫೀಸಿನಿಂದ ನೀವೇ ಹೋಗಿ ತೆಗೆದುಕೊಳ್ಳಿ. ಮೊದಲೇ ದುಡ್ಡು ಕಟ್ಟಿದರೆ ಬಾಗಿಲಲ್ಲಿ ಮಾತುಕತೆ ಇರುವುದಿಲ್ಲ. ಲ್ಯಾಬ್‌ನವರಿಗೆ ನಿಮ್ಮ ಸ್ವಂತ ನಂಬರ್ ಕೊಡಿ. ಮನೆಮಂದಿಯೆಲ್ಲ ನೋಡುವ ವಾಟ್ಸ್ಆಪ್ ನಂಬರ್ ಬೇಡ. ಕೆಲವರು ಸುಳ್ಳು ಹೆಸರು ಕೊಡುತ್ತಾರೆ. ಭಯ ಅರ್ಥವಾಗುತ್ತದೆ. ಆದರೆ ಆ ರಿಪೋರ್ಟ್ ಹಿಡಿದು ಮುಂದೆ ಚಿಕಿತ್ಸೆಗೆ ಹೋದರೆ ಅದು ನಿಮ್ಮದೆಂದು ತೋರಿಸುವುದು ಹೇಗೆ? ಅದಕ್ಕೇ ನಾನು ಬೇಡ ಅಂತೀನಿ.

ಬೆರಳು ಚುಚ್ಚುವುದು

ಹೆಚ್ಚು ಕಿಟ್ ಕೆಡುವುದು ಇಲ್ಲೇ, ರಕ್ತ ಸಾಲದೆ. ಜುಲೈ ತಿಂಗಳಲ್ಲಿ ಕೊಪ್ಪದಲ್ಲೋ ಸಕಲೇಶಪುರದಲ್ಲೋ ಬೆರಳು ಹಿಮದ ಹಾಗೆ ತಣ್ಣಗಿರುತ್ತದೆ, ರಕ್ತ ಹನಿಯುವುದಿಲ್ಲ. ಬಚ್ಚಲ ಹಂಡೆಯ ಬಿಸಿನೀರಲ್ಲಿ ಐದು ನಿಮಿಷ ಕೈ ಅದ್ದಿ. ಸೋಪಿನಲ್ಲಿ ತೊಳೆದು ಚೆನ್ನಾಗಿ ಒರೆಸಿ. ನಂತರ ಬೆಳಕಿರುವ ಕಡೆ, ಸಮತಟ್ಟಾದ ಮೇಜಿನ ಮೇಲೆ ಕಿಟ್ ಬಿಚ್ಚಿಡಿ. ಬಾಗಿಲು ಹಾಕಿಕೊಳ್ಳಿ. ಅರ್ಧ ಗಂಟೆ ಯಾರೂ ಕರೆಯದ ಹೊತ್ತು ಆರಿಸಿಕೊಳ್ಳಿ.

ಉಂಗುರದ ಬೆರಳು ಅಥವಾ ನಡುಬೆರಳು ಸಾಕು. ತುದಿಯ ಮಧ್ಯಕ್ಕೆ ಚುಚ್ಚಬೇಡಿ, ಅಲ್ಲಿ ನೋವು ಜಾಸ್ತಿ. ಉಗುರಿನ ಪಕ್ಕದ ಮಗ್ಗುಲಿಗೆ ಚುಚ್ಚಿ. ಸ್ಪಿರಿಟ್ ಹತ್ತಿಯಿಂದ ಒರೆಸಿದ ಮೇಲೆ ಪೂರ್ತಿ ಆರಲು ಬಿಡಿ. ಸೂಜಿಯ ಬಾಯನ್ನು ಬೆರಳಿಗೆ ಒತ್ತಿ ಹಿಡಿದು ಗುಂಡಿ ಅದುಮಿ. ಹಗುರವಾಗಿ ಹಿಡಿದರೆ ಆಳ ಹೋಗುವುದಿಲ್ಲ. ಮೊದಲ ಹನಿಯನ್ನು ಒರೆಸಿ ಬಿಡಿ. ಕೈ ಕೆಳಗೆ ಇಳಿಬಿಟ್ಟು, ಅಂಗೈ ಕಡೆಯಿಂದ ತುದಿಯತ್ತ ಮೆಲ್ಲಗೆ ನೀವಿ. ತುದಿಯನ್ನೇ ಹಿಂಡಿದರೆ ರಕ್ತದ ಜೊತೆ ನೀರಿನಂಶ ಬರುತ್ತದೆ. ಕಿಟ್ ಹೇಳಿದಷ್ಟು ರಕ್ತ ಕಿಟ್ ಹೇಳಿದ ಜಾಗಕ್ಕೆ ಹಾಕಿ. ಆಮೇಲೆ ಜೊತೆಗೆ ಕೊಟ್ಟ ದ್ರಾವಣ, ಎಷ್ಟು ಹನಿ ಎಂದಿದೆಯೋ ಅಷ್ಟೇ. ಕೂಡಲೇ ಮೊಬೈಲ್‌ನಲ್ಲಿ ಟೈಮರ್ ಇಡಿ.

ಬಾಯಿ ದ್ರವದ ಕಿಟ್ ಆದರೆ ಅರ್ಧ ಗಂಟೆ ಮೊದಲು ತಿನ್ನುವುದು, ಕುಡಿಯುವುದು, ಹಲ್ಲುಜ್ಜುವುದು ಬೇಡ. ಎಲೆ ಅಡಿಕೆ, ಗುಟ್ಕಾ ಹಾಕುವವರು ಅದನ್ನೂ ಬಿಟ್ಟಿರಬೇಕು. ಪಟ್ಟಿಯನ್ನು ಮೇಲಿನ ವಸಡಿನ ಉದ್ದಕ್ಕೆ ಒಮ್ಮೆ, ಕೆಳಗಿನದಕ್ಕೆ ಒಮ್ಮೆ ಒರೆಸಿದರೆ ಸಾಕು.

ಮೂತ್ರ ಮತ್ತು ಸ್ವಾಬ್

ಮೂತ್ರದಲ್ಲಿ ಒಂದು ತಪ್ಪು ಪದೇ ಪದೇ ಆಗುತ್ತದೆ. ಉರಿಮೂತ್ರದ ಸಾಮಾನ್ಯ ಪರೀಕ್ಷೆಗೆ "ಮೊದಲು ಸ್ವಲ್ಪ ಬಿಟ್ಟು ಮಧ್ಯದ್ದು ಹಿಡಿಯಿರಿ" ಎಂದು ನಾವೇ ಹೇಳಿಕೊಟ್ಟಿರುತ್ತೇವೆ. ಇಲ್ಲಿ ಅದರ ಉಲ್ಟಾ. ಮೊಟ್ಟಮೊದಲು ಬರುವ ಎರಡು ದೊಡ್ಡ ಚಮಚದಷ್ಟೇ ಬೇಕು. ರೋಗಾಣು ಇರುವುದು ನಾಳದಲ್ಲಿ, ಮೊದಲ ಧಾರೆ ಅದನ್ನು ತೊಳೆದು ತರುತ್ತದೆ. ಡಬ್ಬಿ ತುಂಬಾ ಹಿಡಿದರೆ ತೆಳುವಾಗಿ ಸಿಗದೇ ಹೋಗಬಹುದು. ಕನಿಷ್ಠ ಒಂದು ಗಂಟೆ ಮೂತ್ರ ಮಾಡಿರಬಾರದು. ಆ ಜಾಗವನ್ನು ಮೊದಲೇ ತೊಳೆಯಬೇಡಿ.

ಹೆಂಗಸರಿಗೆ ಮೂತ್ರಕ್ಕಿಂತ ಯೋನಿಯ ಸ್ವಾಬ್ ಒಳ್ಳೆಯದು. ನೀವೇ ತೆಗೆದುಕೊಳ್ಳಬಹುದು, ಕಷ್ಟವಿಲ್ಲ. ಸುಮಾರು ಎರಡು ಇಂಚು ಒಳಗೆ ಬಿಟ್ಟು, ಪಕ್ಕಕ್ಕೆ ತಾಗುವಂತೆ ಮೆಲ್ಲಗೆ ತಿರುಗಿಸಿ. ಕಿಟ್ ಹೇಳಿದಷ್ಟು ಸೆಕೆಂಡ್. ಹೊರತೆಗೆದ ಮೇಲೆ ತುದಿ ಎಲ್ಲಿಗೂ ತಾಗಬಾರದು, ನೇರ ಟ್ಯೂಬಿಗೆ. ಒಳಗಿನ ದ್ರಾವಣ ಚೆಲ್ಲಿದರೆ ಆ ಟ್ಯೂಬ್ ಬಳಸಬೇಡಿ.

ಬಾಯಿಯಿಂದ ಅಥವಾ ಗುದದ ಮೂಲಕ ಸಂಪರ್ಕ ಆಗಿದ್ದರೆ ಗಂಟಲಲ್ಲೋ ಗುದದಲ್ಲೋ ಇರುವ ಸೋಂಕು ಮೂತ್ರದಲ್ಲಿ ಸಿಗುವುದಿಲ್ಲ. ಗಂಟಲ ಸ್ವಾಬ್, ಗುದದ ಸ್ವಾಬ್ ಬೇರೆ ಕೊಡಬೇಕು. ಇದನ್ನು ಬಾಯಿಬಿಟ್ಟು ಹೇಳಲು ಸಂಕೋಚ ಆಗುತ್ತದೆ, ಗೊತ್ತು. ಹೇಳದಿದ್ದರೆ ಕಾಯಿಲೆ ಇರುವ ಜಾಗ ಬಿಟ್ಟು ಬೇರೆ ಜಾಗ ಪರೀಕ್ಷೆ ಮಾಡಿದಂತಾಗುತ್ತದೆ.

ಮಾದರಿ ಮೇಲೆ ಹೆಸರು, ತೆಗೆದ ದಿನ ಬರೆಯಿರಿ. ಸೋಮವಾರ, ಮಂಗಳವಾರ ಕಳಿಸಿ. ಶನಿವಾರ ಕಳಿಸಿದರೆ ಭಾನುವಾರ ಎಲ್ಲೋ ಗೋಡೌನಿನಲ್ಲಿ ಬಿದ್ದಿರುತ್ತದೆ. ಮಳೆಗಾಲದಲ್ಲಿ ಮರ ಬಿದ್ದೋ ಗುಡ್ಡ ಕುಸಿದೋ ರಸ್ತೆ ಬಂದ್ ಆಗುವುದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ. ಇನ್ನೊಂದು ಮಾತು: ಪರೀಕ್ಷೆಗೆ ಮೊದಲು ಮೆಡಿಕಲ್‌ನಲ್ಲಿ ಕೇಳಿ ಆ್ಯಂಟಿಬಯೋಟಿಕ್ ನುಂಗಬೇಡಿ. ಅರೆಬರೆ ಔಷಧಿಯಿಂದ ಕಾಯಿಲೆ ಹೋಗುವುದಿಲ್ಲ, ಪರೀಕ್ಷೆಯಲ್ಲೂ ಸಿಗದೇ ಹೋಗಬಹುದು. ಹಿಂದೆ ಗೊನೊರಿಯಾಗೆ ಕೊಡುತ್ತಿದ್ದ ಸಿಪ್ರೋಫ್ಲಾಕ್ಸಾಸಿನ್‌ಗೆ ಈಗ ಆ ರೋಗಾಣು ಬಗ್ಗುವುದಿಲ್ಲ.

ಗೆರೆ ಓದುವುದು

'ಸಿ' ಹತ್ತಿರ ಮಾತ್ರ ಗೆರೆ ಬಂದರೆ ನೆಗೆಟಿವ್. 'ಸಿ' ಮತ್ತು 'ಟಿ' ಎರಡರಲ್ಲೂ ಬಂದರೆ ಪಾಸಿಟಿವ್. 'ಸಿ'ಯಲ್ಲಿ ಗೆರೆಯೇ ಇಲ್ಲದಿದ್ದರೆ ಕಿಟ್ ಕೆಟ್ಟಿದೆ, ಹೊಸದು ಬೇಕು. 'ಟಿ' ಗೆರೆ ಎಷ್ಟು ತೆಳುವಿದ್ದರೂ ಅದು ಗೆರೆಯೇ, ಇಲ್ಲವೆಂದು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳಬೇಡಿ. ಕಿಟ್ ಹೇಳಿದ ಸಮಯದೊಳಗೆ ನೋಡಿ, ಫೋಟೋ ತೆಗೆದಿಡಿ. ರಾತ್ರಿ ಮಾಡಿಟ್ಟು ಬೆಳಿಗ್ಗೆ ನೋಡಿದಾಗ ಮೂಡಿರುವ ಗೆರೆಗೆ ಅರ್ಥವಿಲ್ಲ. ಎಚ್‌ಐವಿಗೆ ಈಗಾಗಲೇ ಎಆರ್‌ಟಿ ಮಾತ್ರೆ ತೆಗೆದುಕೊಳ್ಳುತ್ತಿರುವವರು ಇಂಥ ಕಿಟ್ ಬಳಸಬೇಡಿ. ಅದು ತಪ್ಪಾಗಿ ನೆಗೆಟಿವ್ ತೋರಿಸಬಹುದು. ಅದನ್ನು ನಂಬಿ ಮಾತ್ರೆ ಬಿಟ್ಟರೆ ಅನಾಹುತ.

ಪಾಸಿಟಿವ್ ಬಂದರೆ

ಮೊದಲು ಕುಳಿತುಕೊಳ್ಳಿ, ನೀರು ಕುಡಿಯಿರಿ. ಒಂದು ಕಿಟ್ ಹೇಳಿದ್ದು ಕೊನೆಯ ಮಾತಲ್ಲ. ನಮ್ಮ ದೇಶದಲ್ಲಿ ಮೂರು ಬೇರೆ ಬೇರೆ ಕಿಟ್‌ನಲ್ಲಿ ನೋಡಿಯೇ ಎಚ್‌ಐವಿ ಇದೆ ಎಂದು ಖಚಿತಪಡಿಸುವುದು. ಆ ಕೆಲಸ ಐಸಿಟಿಸಿಯದ್ದು, ಅಂದರೆ ಸರ್ಕಾರದ ಎಚ್‌ಐವಿ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದ್ದು. ಜಿಲ್ಲಾ ಆಸ್ಪತ್ರೆಯಲ್ಲೂ ತಾಲ್ಲೂಕು ಆಸ್ಪತ್ರೆಗಳಲ್ಲೂ ಇದೆ, ಉಚಿತ. ಚೀಟಿ ಮಾಡಿಸುವ ಕಡೆ ಕಾಯಿಲೆ ಹೇಳಬೇಕಿಲ್ಲ, "ಐಸಿಟಿಸಿ ಎಲ್ಲಿ" ಎಂದರೆ ಸಾಕು. ಒಳಗೆ ಆಪ್ತಸಮಾಲೋಚಕರು ಬಾಗಿಲು ಹಾಕಿಕೊಂಡು ಮಾತಾಡುತ್ತಾರೆ. ನಿಮ್ಮೂರಿನ ಕೇಂದ್ರ ಬೇಡವೆನಿಸಿದರೆ ಪಕ್ಕದ ಊರಿಗೆ ಹೋಗಿ. ಬೇಲೂರಿನವರು ಚಿಕ್ಕಮಗಳೂರಿಗೆ ಬರುತ್ತಾರೆ, ಚಿಕ್ಕಮಗಳೂರಿನವರು ಹಾಸನಕ್ಕೆ ಹೋಗುತ್ತಾರೆ. ಅದರಲ್ಲಿ ತಪ್ಪೇನಿಲ್ಲ.

ಖಚಿತವಾದರೆ ಎಆರ್‌ಟಿ ಕೇಂದ್ರದಲ್ಲಿ ಔಷಧಿಯೂ ಉಚಿತ. ಈಗ ಹೆಚ್ಚಿನವರಿಗೆ ದಿನಕ್ಕೆ ಒಂದೇ ಮಾತ್ರೆ. ತಪ್ಪದೆ ನುಂಗಿ ರಕ್ತದಲ್ಲಿ ವೈರಸ್ ಪರೀಕ್ಷೆಗೂ ಸಿಗದಷ್ಟು ಕಡಿಮೆಯಾದರೆ, ಹಾಗೇ ಉಳಿಸಿಕೊಂಡರೆ, ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ಮದುವೆ, ಮಕ್ಕಳು ಎಲ್ಲ ಸಾಧ್ಯ. 2017ರ ಎಚ್‌ಐವಿ ಕಾಯ್ದೆ ಪ್ರಕಾರ ನಿಮ್ಮ ಒಪ್ಪಿಗೆ ಇಲ್ಲದೆ ಯಾರೂ ಈ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಹೊರಗೆ ಹೇಳುವಂತಿಲ್ಲ, ಈ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ.

ಸಿಫಿಲಿಸ್ ಕಿಟ್ ಪಾಸಿಟಿವ್ ಬಂದರೆ ಒಂದು ವಿಷಯ ನೆನಪಿಡಿ. ಎಂದೋ ಬಂದು ವಾಸಿಯಾಗಿದ್ದರೂ ಹೆಚ್ಚಿನವರಲ್ಲಿ ಕಿಟ್ ಜೀವನಪೂರ್ತಿ ಪಾಸಿಟಿವ್ ತೋರಿಸುತ್ತದೆ. ಈಗ ಕಾಯಿಲೆ ಇದೆಯೇ ಎಂದು ತಿಳಿಯಲು ಲ್ಯಾಬ್‌ನಲ್ಲಿ ಮಾಡುವ ವಿಡಿಆರ್‌ಎಲ್ ಅಥವಾ ಆರ್‌ಪಿಆರ್ ಎಂಬ ರಕ್ತ ಪರೀಕ್ಷೆಯಲ್ಲಿ ಬರುವ ಪ್ರಮಾಣ ನೋಡಬೇಕು. ಶುರುವಿನಲ್ಲೇ ಹಿಡಿದರೆ ಪೆನಿಸಿಲಿನ್ ಇಂಜೆಕ್ಷನ್ ಒಂದೇ ಸಲ ಸಾಕಾಗುತ್ತದೆ. ಕ್ಲಮೈಡಿಯಾಗೆ ಸಾಮಾನ್ಯವಾಗಿ ಒಂದು ವಾರದ ಮಾತ್ರೆ. ಗೊನೊರಿಯಾಗೂ ಚಿಕಿತ್ಸೆ ಸಣ್ಣದೇ, ಆದರೆ ಡಾಕ್ಟರ್ ಬರೆದದ್ದೇ ಆಗಬೇಕು. ಇದಕ್ಕೆಲ್ಲ ಸರ್ಕಾರಿ ಆಸ್ಪತ್ರೆಯಲ್ಲಿ ಸುರಕ್ಷಾ ಕ್ಲಿನಿಕ್ ಎಂಬ ವಿಭಾಗವೇ ಇದೆ. ಬಸ್ ಸ್ಟ್ಯಾಂಡ್ ಗೋಡೆಗಳಲ್ಲಿ "ಗುಪ್ತರೋಗ ಗ್ಯಾರಂಟಿ ಗುಣ" ಎಂದು ಅಂಟಿಸಿರುತ್ತಾರಲ್ಲ, ಆ ನಂಬರಿಗೆ ದಯವಿಟ್ಟು ಫೋನ್ ಮಾಡಬೇಡಿ. ಸಾವಿರಾರು ರೂಪಾಯಿ ಕಳೆದುಕೊಂಡು ಆಮೇಲೆ ನನ್ನ ಹತ್ತಿರ ಬಂದವರಿದ್ದಾರೆ.

ಹೆಪಟೈಟಿಸ್ ಬಿ ನೆಗೆಟಿವ್ ಬಂದವರು ಹಾಗೇ ಬಿಡಬೇಡಿ. ಲಸಿಕೆ ಹಾಕಿಸಿಕೊಂಡಿಲ್ಲವಾದರೆ ಈಗಲೇ ಹಾಕಿಸಿಕೊಳ್ಳಿ. ಮೊದಲನೆಯದು ಇವತ್ತು, ಎರಡನೆಯದು ಒಂದು ತಿಂಗಳಿಗೆ, ಮೂರನೆಯದು ಆರು ತಿಂಗಳಿಗೆ.

ಜೊತೆಗಿರುವವರಿಗೆ ಹೇಳುವುದು

ನಿಮಗೆ ಸಿಕ್ಕ ಸೋಂಕಿಗೆ ನೀವೊಬ್ಬರೇ ಔಷಧಿ ತಿಂದರೆ ಅದು ಮತ್ತೆ ನಿಮ್ಮ ಹತ್ತಿರವೇ ಬರುತ್ತದೆ. ಗಂಡ ಹೆಂಡತಿಯಾಗಲಿ, ಬೇರೆ ಯಾರೇ ಆಗಲಿ, ಇಬ್ಬರಿಗೂ ಚಿಕಿತ್ಸೆ ಆಗಬೇಕು. ಹೇಗೆ ಹೇಳುವುದು ಎಂದು ಆ ಹುಡುಗ ನನ್ನನ್ನು ಕೇಳಿದ್ದ. ಉದ್ದ ಮಾತು ಬೇಡ, ಇಷ್ಟು ಹೇಳು ಎಂದೆ: "ನಂಗೊಂದು ಇನ್ಫೆಕ್ಷನ್ ಸಿಕ್ಕಿದೆ, ಮಾತ್ರೆಲಿ ವಾಸಿಯಾಗುತ್ತೆ. ನೀನೂ ಒಮ್ಮೆ ಪರೀಕ್ಷೆ ಮಾಡಿಸಿಕೋ." ಯಾರಿಂದ ಬಂತು ಎಂಬ ಜಗಳ ಆಗ ಬೇಡ. ಬಹಳ ದಿನ ಸದ್ದಿಲ್ಲದೆ ಇರುವ ಸೋಂಕಾದ್ದರಿಂದ ಅದಕ್ಕೆ ಉತ್ತರ ಸಿಗುವುದೂ ಕಷ್ಟ. ಹೇಳಿದರೆ ಹೊಡೆತ ಬೀಳಬಹುದು ಎನ್ನುವ ಪರಿಸ್ಥಿತಿ ಇರುವ ಅಕ್ಕತಂಗಿಯರು ಒಬ್ಬರೇ ಹೇಳಬೇಡಿ. ಸಮಾಲೋಚಕರ ಹತ್ತಿರ ಮೊದಲು ಹೇಳಿಕೊಳ್ಳಿ, ದಾರಿ ಹುಡುಕಲು ಅವರು ಜೊತೆಗಿರುತ್ತಾರೆ.

ಇಬ್ಬರ ಚಿಕಿತ್ಸೆಯೂ ಮುಗಿದು ಏಳು ದಿನ ಆಗುವವರೆಗೆ ಸಂಪರ್ಕ ಬೇಡ. ಕ್ಲಮೈಡಿಯಾ, ಗೊನೊರಿಯಾ ಬಂದಿದ್ದವರು ಮೂರು ತಿಂಗಳಿಗೆ ಮತ್ತೊಮ್ಮೆ ಪರೀಕ್ಷೆ ಮಾಡಿಸಿ, ತಿರುಗಿ ತಗುಲುವುದು ಬಹಳ ಸಾಮಾನ್ಯ.

ಕೊನೆಗೆ ಆ ಸೂಜಿ. ಕಾಗದದಲ್ಲಿ ಸುತ್ತಿ ಕಸದ ಗಾಡಿಗೆ ಹಾಕಬೇಡಿ, ಕಸ ಬೇರ್ಪಡಿಸುವವರ ಕೈಗೆ ಚುಚ್ಚುತ್ತದೆ. ದಪ್ಪ ಪ್ಲಾಸ್ಟಿಕ್ ಬಾಟಲಿಗೆ ಹಾಕಿ, ಮುಚ್ಚಳ ಬಿಗಿ ಮಾಡಿ, ಟೇಪ್ ಸುತ್ತಿ. ಮುಂದಿನ ಸಲ ಆಸ್ಪತ್ರೆಗೋ ಲ್ಯಾಬಿಗೋ ಹೋದಾಗ ಕೊಟ್ಟುಬಿಡಿ. ನಮ್ಮ ಹತ್ತಿರ ಅದಕ್ಕೇ ಬೇರೆ ಡಬ್ಬ ಇರುತ್ತದೆ.